ಹಳೇ ಕಂಪ್ಯೂಟರ್‌ಗೆ ಯಾವ ಲಿನಕ್ಸ್ ಹಾಕೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೇಲಿ ಅಟ್ಟದ ಮೇಲೆ ಕೂತಿರೋ ಲ್ಯಾಪ್‌ಟಾಪು, ಅಂಗಡೀಲಿ ಬಿಲ್ಲಿಂಗ್‌ಗೆ ಇಟ್ಕೊಂಡಿರೋ ಡೆಸ್ಕ್‌ಟಾಪು, ಊರಿನ ಶಾಲೆ ಲ್ಯಾಬಲ್ಲಿ ಧೂಳು ತಿನ್ತಿರೋ ನಾಲ್ಕೈದು ಮಷೀನು, ಇವುಗಳಿಗೆ ಏನು ಮಾಡ್ಬೋದು ಅಂತ ಜನ ಕೇಳ್ತಾನೇ ಇರ್ತಾರೆ. ವಿಂಡೋಸ್ ಬದಲು ಹಾಕ್ಬೋದಾದ ಉಚಿತ ಸಿಸ್ಟಂ ಲಿನಕ್ಸ್, ಅದರಲ್ಲಿ ಡಿಸ್ಟ್ರೋ ಅಂತ ಕರೆಯೋ ಬೇರೆ ಬೇರೆ ತರದವು ಇವೆ. ಆ ಪ್ರಶ್ನೆಗಳು, ನನಗೆ ಗೊತ್ತಿರೋ ಉತ್ತರಗಳು ಇಲ್ಲಿವೆ.

ಸುತ್ತಿ ಬಳಸಿ ಬೇಡ, ಯಾವ್ದು ಹಾಕ್ಲಿ ಹೇಳಿ

ರ‍್ಯಾಮ್ 4 ಜಿಬಿ ಅಥವಾ ಜಾಸ್ತಿ ಇದ್ರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ಇದ್ರೆ ಎಂಎಕ್ಸ್ ಲಿನಕ್ಸ್‌ನ ಫ್ಲಕ್ಸ್‌ಬಾಕ್ಸ್ ಆವೃತ್ತಿ, ಇಲ್ಲಾಂದ್ರೆ ಡೆಬಿಯನ್ ಹಾಕಿ ಅದರಲ್ಲಿ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ (ಸ್ಕ್ರೀನ್ ಮೇಲೆ ಕಾಣೋ ಮೆನು, ಐಕಾನ್‌ಗಳ ಭಾಗ) ಆರಿಸ್ಕೊಳ್ಳಿ. 1 ಜಿಬಿ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಆಂಟಿಎಕ್ಸ್. ಮಷೀನ್ 32 ಬಿಟ್‌ದಾದ್ರೆ, ಅಂದ್ರೆ ಒಳಗಿರೋದು ತೀರಾ ಹಳೇ ತರದ ಪ್ರೊಸೆಸರ್ ಆದ್ರೆ, ಈ ಲೆಕ್ಕ ಬದಲಾಗುತ್ತೆ, ಅದನ್ನ ಕೆಳಗೆ ಬೇರೆ ಬರ್ದಿದೀನಿ.

ಆದ್ರೆ ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ಡಿಸ್ಟ್ರೋ ಹೆಸರಿನ ಬಗ್ಗೆ ಜನ ವಾರಗಟ್ಟಲೆ ತಲೆ ಕೆಡಿಸ್ಕೊಳ್ತಾರೆ, ಆದ್ರೆ ಹಳೇ ಮಷೀನ್ ಓಡುತ್ತೋ ತೆವಳುತ್ತೋ ಅನ್ನೋದನ್ನ ತೀರ್ಮಾನ ಮಾಡೋದು ರ‍್ಯಾಮ್ ಎಷ್ಟಿದೆ, ಒಳಗಿರೋದು ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿನಾ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್), ಬ್ರೌಸರಲ್ಲಿ ಎಷ್ಟು ಟ್ಯಾಬ್ ತೆಗೀತೀರಾ, ಇಷ್ಟೇ. ಡಿಸ್ಟ್ರೋ ಅದಾದ್ಮೇಲೆ.

ವಿಂಡೋಸ್ 10 ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಾಯಿಸ್ಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ಮಷೀನ್ ಮುಂದೆಯೂ ಓಡುತ್ತೆ, ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ಇಲ್ದೇ ಇರೋ ಕಂಪ್ಯೂಟರಲ್ಲಿ ಬ್ಯಾಂಕ್ ಕೆಲಸ ಮಾಡೋದು ಬೇಡ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚೂಕಮ್ಮಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಅಂದ್ರೆ 2017ಕ್ಕಿಂತ ಮುಂಚಿನ ಎಷ್ಟೋ ಒಳ್ಳೊಳ್ಳೆ ಮಷೀನುಗಳು ಒಂದೇ ಏಟಿಗೆ ಹೊರಗೆ. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ಕೂಡ ಆ ಪಟ್ಟೀಲಿ ಇರಲ್ಲ, ಅದನ್ನ ಗುಜರಿಗೆ ಹಾಕೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅಂಥ ಮಷೀನ್‌ಗೆ ಹಗುರವಾದ ಲಿನಕ್ಸೂ ಬೇಕಾಗಿಲ್ಲ, ಮಿಂಟ್‌ನ ಮಾಮೂಲಿ ಸಿನಮನ್ ಆವೃತ್ತೀನೇ ಆರಾಮಾಗಿ ಓಡುತ್ತೆ.

ನಂದು 32 ಬಿಟ್ಟಾ 64 ಬಿಟ್ಟಾ, ಹೆಂಗೆ ಗೊತ್ತಾಗೋದು?

ವಿಂಡೋಸ್ 10 ಇದ್ರೆ ಸೆಟ್ಟಿಂಗ್ಸಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆಗೀರಿ. ಅಲ್ಲಿ ಸಿಸ್ಟಂ ಟೈಪ್ ಅಂತ ಒಂದು ಸಾಲಿದೆ, ಅದರಲ್ಲಿ ಎರಡು ವಿಷಯ ಇರುತ್ತೆ, ಮೊದಲನೇದು ಈಗ ಹಾಕಿರೋ ವಿಂಡೋಸ್ ಯಾವ್ದು ಅಂತ, ಎರಡನೇದು ಪ್ರೊಸೆಸರ್ ಯಾವ್ದು ಅಂತ. ನಮಗೆ ಬೇಕಾಗಿರೋದು ಎರಡನೇದು. ಬಹಳ ಜನ ಮೊದಲನೇದು ನೋಡಿ ಅಯ್ಯೋ ನಂದು 32 ಬಿಟ್ ಅಂತ ಅಂದ್ಕೊಂಡ್ಬಿಡ್ತಾರೆ. ಹಿಂದೆ 2 ಜಿಬಿ ರ‍್ಯಾಮ್ ಮಷೀನ್‌ಗಳಿಗೆ ಅಂಗಡಿಯವರು 32 ಬಿಟ್ ವಿಂಡೋಸ್ 7 ಹಾಕಿ ಕೊಡೋದು ಮಾಮೂಲಾಗಿತ್ತು, ಒಳಗಿರೋ ಪ್ರೊಸೆಸರ್ ಮಾತ್ರ 64 ಬಿಟ್‌ದೇ ಆಗಿರುತ್ತೆ. ಎಕ್ಸ್64 ಅಂತ ಇದ್ರೆ ನಿಶ್ಚಿಂತೆ.

ಮಷೀನ್ ಆನ್ ಆಗ್ತಿಲ್ಲ, ಸ್ಟಿಕ್ಕರ್ ಮಾತ್ರ ಕಾಣ್ತಿದೆ ಅಂದ್ರೆ: ಕೋರ್ 2 ಡ್ಯುಯೋ, ಐ3, ಐ5 ಇದೆಲ್ಲಾ 64 ಬಿಟ್. 2 ಅನ್ನೋ ಅಂಕೆ ಇಲ್ದೇ ಬರೀ ಕೋರ್ ಡ್ಯುಯೋ ಅಂತಿದ್ರೆ 32 ಬಿಟ್. 2008ರ ಸುಮಾರಿಗೆ ಬಂದ ಪುಟಾಣಿ ನೆಟ್‌ಬುಕ್‌ಗಳಲ್ಲಿದ್ದ ಆಟಂ ಎನ್270 ಕೂಡ 32 ಬಿಟ್, ಆಮೇಲೆ ಬಂದ ಎನ್450 64 ಬಿಟ್. ಪೆಂಟಿಯಂ 4ರಲ್ಲಿ ಎರಡೂ ತರದವು ಇವೆ, ಮಾಡೆಲ್ ನಂಬರ್ ನೋಡಿಯೇ ಹೇಳ್ಬೇಕು.

32 ಬಿಟ್ ಅಂತ ಖಾತ್ರಿ ಆಯ್ತು. ಕಥೆ ಮುಗೀತಾ?

ಮುಗಿದಿಲ್ಲ, ಆದ್ರೆ ಬಾಗಿಲು ಒಂದೊಂದೇ ಮುಚ್ತಾ ಇದೆ ಅನ್ನೋದು ನಿಜ. ಉಬುಂಟು ತನ್ನ 32 ಬಿಟ್ ಡೆಸ್ಕ್‌ಟಾಪ್ ಇಮೇಜ್ ಕೊಡೋದನ್ನ 2017ರಲ್ಲೇ ನಿಲ್ಲಿಸ್ತು. 2025ರ ಆಗಸ್ಟಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ (ಸಿಸ್ಟಂನ ತಿರುಳು) ಇಲ್ಲ. ಎಂಎಕ್ಸ್ 25 ಕೂಡ ಬರೀ 64 ಬಿಟ್. ಹಂಗಾಗಿ ಈಗ 32 ಬಿಟ್‌ನೋರಿಗೆ ಉಳಿದಿರೋ ಗಟ್ಟಿ ಅಡಿಪಾಯ ಅಂದ್ರೆ ಡೆಬಿಯನ್ 12, ಅದರ ಮೇಲೆ ಕಟ್ಟಿರೋ ಆಂಟಿಎಕ್ಸ್ 23, ಎಂಎಕ್ಸ್ 23, ಕ್ಯೂ4ಒಎಸ್‌ನ 32 ಬಿಟ್ ಆವೃತ್ತಿ, ಪಪ್ಪಿಯ ಬುಕ್‌ವರ್ಮ್‌ಪಪ್ 32, ಇಂಥವು. ಡೆಬಿಯನ್ 12ಕ್ಕೆ ದೀರ್ಘಾವಧಿ ಸಪೋರ್ಟ್ 2028ರ ಜೂನ್‌ವರೆಗೆ ಇದೆ.

ಅದಕ್ಕಿಂತ ಮುಂಚೆ ತೊಂದ್ರೆ ಬರೋದು ಬ್ರೌಸರಿಂದ. ಕ್ರೋಮ್ 32 ಬಿಟ್ ಲಿನಕ್ಸನ್ನ 2016ರಲ್ಲೇ ಬಿಟ್ಟಿದೆ. ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಗೆ ನಿಲ್ಲಿಸ್ತು, ಅದರ ದೀರ್ಘಾವಧಿ ಸಪೋರ್ಟಿನ ಆವೃತ್ತಿ ಇಎಸ್‌ಆರ್ 140 ಮಾತ್ರ ಇನ್ನು ಸ್ವಲ್ಪ ಕಾಲ ಅಂತ ಹೇಳಿದಾರೆ. ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ 32 ಬಿಟ್ ಮಷೀನನ್ನ ಇಂಟರ್ನೆಟ್‌ಗೆ ನೆಚ್ಕೋಬೇಡಿ. ಹಾಡು ಕೇಳೋಕೆ, ಟೈಪಿಂಗ್ ಕಲಿಯೋಕೆ, ಮಕ್ಕಳ ಆಟಕ್ಕೆ, ಪೆನ್‌ಡ್ರೈವ್‌ನಲ್ಲಿರೋ ಫೈಲ್ ನೋಡೋಕೆ ಇಟ್ಕೊಳ್ಳಿ, ಆ ಕೆಲಸಕ್ಕೆ ಇನ್ನೂ ಎಷ್ಟೋ ವರ್ಷ ಬರುತ್ತೆ.

ಹಗುರ ಹಗುರ ಅಂತಾರಲ್ಲ, ಏನು ಹಗುರ ಅದರಲ್ಲಿ?

ಕಣ್ಣಿಗೆ ಕಾಣೋ ಭಾಗ. ಕರ್ನಲ್ ಎಲ್ಲದರಲ್ಲೂ ಹೆಚ್ಚೂಕಮ್ಮಿ ಒಂದೇ, ಮೇಲೆ ಕೂರೋ ಡೆಸ್ಕ್‌ಟಾಪ್ ಬೇರೆ ಬೇರೆ. ಗ್ನೋಮ್ ಜಾಸ್ತಿ ರ‍್ಯಾಮ್ ಕೇಳುತ್ತೆ, ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಡುತ್ತೆ. ಎಕ್ಸ್‌ಎಫ್‌ಸಿಇ ಮಧ್ಯದಲ್ಲಿದೆ, ಎಲ್‌ಎಕ್ಸ್‌ಕ್ಯೂಟಿ ಅದಕ್ಕಿಂತ ಸ್ವಲ್ಪ ಕಮ್ಮಿ. ಆಂಟಿಎಕ್ಸ್‌ನಲ್ಲಿ ಪೂರ್ತಿ ಡೆಸ್ಕ್‌ಟಾಪೇ ಇಲ್ಲ, ಐಸ್‌ಡಬ್ಲ್ಯೂಎಂ ಅನ್ನೋ ವಿಂಡೋ ಮ್ಯಾನೇಜರ್ ಇದೆ, ಹಿನ್ನೆಲೆ ಕೆಲಸಗಳನ್ನ ನಡೆಸೋ ಸಿಸ್ಟಂಡಿ ಕೂಡ ಬಿಟ್ಟಿದಾರೆ, ಅದಕ್ಕೇ 512 ಎಂಬಿ ಮಷೀನಲ್ಲೂ ಅದು ಎದ್ದು ಕೂರುತ್ತೆ. ನೋಡೋಕೆ ಹಳೇ ಕಾಲದ್ದು ಅನ್ಸುತ್ತೆ, ಮೆನುಗಳು ಗಿಜಿಗಿಜಿ ಅಂತಿವೆ, ಎರಡು ದಿನ ಓಡಾಡಿದ್ರೆ ಕೈಗೆ ಹತ್ತುತ್ತೆ.

ಇನ್ನೊಂದು ವಿಷಯ, ಉಬುಂಟು ಹಾಕ್ಬಿಟ್ಟಿದೀರಾ, ಭಾರ ಆಗ್ತಿದೆ ಅಂದ್ರೆ ಎಲ್ಲಾ ಅಳಿಸಿ ಮೊದಲಿಂದ ಶುರು ಮಾಡ್ಬೇಕಾಗಿಲ್ಲ. ಅದರ ಮೇಲೇನೇ ಎಕ್ಸ್‌ಎಫ್‌ಸಿಇ ಇನ್‌ಸ್ಟಾಲ್ ಮಾಡಿ ಲಾಗಿನ್ ಆಗುವಾಗ ಅದನ್ನ ಆರಿಸ್ಕೊಂಡ್ರೆ ಆಯ್ತು.

ಪಪ್ಪಿ, ಟೈನಿ ಕೋರ್ ಎಲ್ಲಾ ಎಂಬಿ ಲೆಕ್ಕದಲ್ಲಿದೆಯಂತೆ, ಅದು ಇನ್ನೂ ಫಾಸ್ಟ್ ಅಲ್ವಾ?

ಫಾಸ್ಟ್ ಹೌದು. ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ ಪಪ್ಪಿ ಪೂರ್ತಿ ರ‍್ಯಾಮ್‌ಗೆ ಲೋಡ್ ಆಗಿ ಅಲ್ಲಿಂದ್ಲೇ ಓಡುತ್ತೆ, ಹಾರ್ಡ್ ಡಿಸ್ಕ್ ಕೆಟ್ಟೋಗಿರೋ ಮಷೀನನ್ನೂ ಪೆನ್‌ಡ್ರೈವಿಂದ ನಡೆಸ್ಬೋದು, ಸತ್ತ ವಿಂಡೋಸಿಂದ ಫೋಟೋ ಹೊರಗೆ ತೆಗ್ಯೋಕೆ ಅದರಷ್ಟು ಒಳ್ಳೇ ಸಾಧನ ನಾನು ನೋಡಿಲ್ಲ. ಒಂದು ಪೆನ್‌ಡ್ರೈವಲ್ಲಿ ಪಪ್ಪಿ ಹಾಕಿ ಇಟ್ಕೊಂಡಿರಿ ಅಂತ ಎಲ್ಲರಿಗೂ ಹೇಳ್ತೀನಿ. ಆದ್ರೆ ದಿನಾ ಬಳಸೋ ಸಿಸ್ಟಂ ಆಗಿ, ಅದೂ ಲಿನಕ್ಸ್ ಗೊತ್ತಿಲ್ದೇ ಇರೋರಿಗೆ ಕೊಡಲ್ಲ. ಅದರಲ್ಲಿ ಮಾಮೂಲಾಗಿ ರೂಟ್ ಯೂಸರ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗೇ ಕೆಲಸ ಮಾಡ್ತೀರಾ, ಸೇವ್ ಫೈಲ್ ಅಂತ ಒಂದು ಬೇರೆ ಪದ್ಧತಿ ಇದೆ, ಅದನ್ನ ಅರ್ಥ ಮಾಡ್ಕೊಳ್ದೇ ಹೋದ್ರೆ ಮಾಡಿದ ಕೆಲಸ ಉಳಿಯಲ್ಲ. ಟೈನಿ ಕೋರ್ ಇಪ್ಪತ್ತು ಎಂಬಿ ಆಸುಪಾಸಲ್ಲಿದೆ, ಕುತೂಹಲ ಇರೋರು ಖಂಡಿತಾ ನೋಡ್ಬೇಕು, ಆದ್ರೆ ಅದರಲ್ಲಿ ಬೇಕಾದ್ದನ್ನೆಲ್ಲಾ ನೀವೇ ಒಂದೊಂದಾಗಿ ಸೇರಿಸ್ಕೋಬೇಕು.

ಆರ್ಚ್ ಹಾಕ್ಬೋದಾ?

ಎಲ್ಲವನ್ನೂ ನೀವೇ ಜೋಡಿಸ್ಕೊಳ್ಳೋ ಡಿಸ್ಟ್ರೋ ಅದು, ಕಲಿಯೋ ಆಸೆ ಇದ್ರೆ ಹಾಕಿ. ಮನೆಯವರು ಬಳಸೋ ಮಷೀನ್‌ಗೆ ಬೇಡ.

ಲಿನಕ್ಸ್ ಹಾಕಿದ್ರೂ ಬ್ರೌಸರ್ ತೆಗೆದ ತಕ್ಷಣ ಮಷೀನ್ ನಿಂತೋಗುತ್ತೆ, ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರೋ ಪ್ರಶ್ನೆ ಇದು. ಸಿಸ್ಟಂ ಹಗುರ ಆಯ್ತು, ವೆಬ್‌ಸೈಟ್‌ಗಳು ಹಗುರ ಆಗ್ಲಿಲ್ಲ. ಆಂಟಿಎಕ್ಸ್ 200 ಎಂಬಿ ಆಸುಪಾಸಲ್ಲಿ ಬೂಟ್ ಆಗಿ ಕೂತಿರುತ್ತೆ, ನೀವು ಜಿಮೇಲ್ ಒಂದು ತೆಗೆದ್ರೆ ಆ ಒಂದು ಟ್ಯಾಬೇ ಅದಕ್ಕಿಂತ ಜಾಸ್ತಿ ರ‍್ಯಾಮ್ ತಿನ್ಬೋದು. ಬಂಡಿ ಹಗುರ ಮಾಡಿ ಮೇಲೆ ಹತ್ತು ಮೂಟೆ ಹೇರಿದಂಗೆ ಆಗುತ್ತೆ.

ಮಾಡ್ಬೇಕಾದ್ದು ಇಷ್ಟು. ಮೊದಲು ಯುಬ್ಲಾಕ್ ಒರಿಜಿನ್ ಹಾಕಿ, ಜಾಹೀರಾತು ನಿಂತ್ರೆ ಅರ್ಧ ಭಾರ ಇಳಿದಂಗೆ, ಕನ್ನಡ ನ್ಯೂಸ್ ಸೈಟ್‌ಗಳಲ್ಲಂತೂ ವ್ಯತ್ಯಾಸ ತಕ್ಷಣ ಕಾಣುತ್ತೆ. ಆಮೇಲೆ ಝಡ್‌ರ‍್ಯಾಮ್ ಆನ್ ಮಾಡಿ, ಇದು ರ‍್ಯಾಮ್‌ನ ಒಂದು ಭಾಗದಲ್ಲೇ ಡೇಟಾವನ್ನ ಕುಗ್ಗಿಸಿ ಇಡುತ್ತೆ, ಡಿಸ್ಕಿನ ಸ್ವಾಪ್‌ಗೆ (ಮೆಮೊರಿ ತುಂಬಿದಾಗ ಬಳಸೋ ಜಾಗ) ಹೋಗೋದಕ್ಕಿಂತ ಎಷ್ಟೋ ಪಾಲು ಬೇಗ, 2 ಜಿಬಿ ಮಷೀನಲ್ಲಿ ಇದು ಇದ್ರೆ ನಾಲ್ಕೈದು ಟ್ಯಾಬ್ ನಿಭಾಯಿಸುತ್ತೆ. ಡೆಬಿಯನ್, ಮಿಂಟ್ ಎರಡರಲ್ಲೂ ಝಡ್‌ರ‍್ಯಾಮ್ ಟೂಲ್ಸ್ ಅನ್ನೋ ಪ್ಯಾಕೇಜ್ ಸಿಗುತ್ತೆ. ಮೂರನೇದು ಅಭ್ಯಾಸದ ವಿಷಯ, ಕೆಲಸ ಮುಗಿದ ಟ್ಯಾಬ್ ಮುಚ್ಚೋದು.

ಯೂಟ್ಯೂಬ್ ತಡೆದು ತಡೆದು ಓಡುತ್ತೆ

ಯೂಟ್ಯೂಬ್ ಈಗ ವಿಪಿ9, ಎವಿ1 ಅನ್ನೋ ಹೊಸ ಫಾರ್ಮ್ಯಾಟಲ್ಲಿ ವಿಡಿಯೋ ಕಳಿಸುತ್ತೆ. ಹಳೇ ಗ್ರಾಫಿಕ್ಸ್ ಚಿಪ್‌ಗಳಿಗೆ ಅದು ಗೊತ್ತಿಲ್ಲ, ಹಂಗಾಗಿ ಎಲ್ಲಾ ಕೆಲಸ ಪ್ರೊಸೆಸರ್ ತಲೆ ಮೇಲೆ ಬೀಳುತ್ತೆ, ಫ್ಯಾನ್ ಕೂಗೋಕೆ ಶುರು ಮಾಡುತ್ತೆ. ಎಚ್264ಇಫೈ ಅಂತ ಒಂದು ಎಕ್ಸ್‌ಟೆನ್ಶನ್ ಇದೆ, ಅದು ಹಳೇ ಎಚ್264 ಫಾರ್ಮ್ಯಾಟಲ್ಲೇ ವಿಡಿಯೋ ಕೇಳುತ್ತೆ. ಅದು ಹಾಕಿ ಕ್ವಾಲಿಟಿ 480ಕ್ಕೆ ಇಟ್ರೆ ಕೋರ್ 2 ಡ್ಯುಯೋದಲ್ಲೂ ಯಕ್ಷಗಾನ ಪ್ರಸಂಗ ಪೂರ್ತಿ ನೋಡ್ಬೋದು.

ಸ್ವಲ್ಪ ದುಡ್ಡು ಹಾಕೋಕೆ ರೆಡಿ ಇದೀನಿ, ಯಾವುದಕ್ಕೆ ಹಾಕ್ಲಿ?

ಎಸ್‌ಎಸ್‌ಡಿಗೆ. ಎರಡು ಮಾತೇ ಇಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 120 ಅಥವಾ 240 ಜಿಬಿ ಸಾಕು, ಹಳೇ ಲ್ಯಾಪ್‌ಟಾಪಲ್ಲಿ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತೆ, ಕೆಳಗಿನ ಸ್ಕ್ರೂ ಬಿಚ್ಚಿದ್ರೆ ಹತ್ತು ನಿಮಿಷದ ಕೆಲಸ. ಮಷೀನ್ ಹಳೇ ಸಾಟಾ 2 ಆಗಿದ್ರೂ ಪರವಾಗಿಲ್ಲ, ಎಸ್‌ಎಸ್‌ಡಿಯ ಪೂರ್ತಿ ಸ್ಪೀಡ್ ಸಿಗಲ್ಲ ಅಷ್ಟೇ, ಚಿಕ್ಕ ಚಿಕ್ಕ ಫೈಲ್‌ಗಳನ್ನ ಓದೋ ವೇಗದಲ್ಲೇ ದೊಡ್ಡ ಲಾಭ ಇರೋದು. ತೀರಾ ಹಳೇ ಮಷೀನಲ್ಲಿ ಅಗಲ ಪಟ್ಟಿಯ ಐಡಿಇ ಕೇಬಲ್ ಇರುತ್ತೆ, ಅದಕ್ಕೆ ಇದು ನೇರ ಹೊಂದಲ್ಲ, ಮೊದಲು ಬಿಚ್ಚಿ ನೋಡಿ ಆಮೇಲೆ ತಗೊಳ್ಳಿ.

ಎರಡನೇದು ರ‍್ಯಾಮ್. ಇಲ್ಲಿ ಜನ ಮೋಸ ಹೋಗೋದು ಜಾಸ್ತಿ. ಡಿಡಿಆರ್2 ಸ್ಲಾಟಿಗೆ ಡಿಡಿಆರ್3 ಕೂರಲ್ಲ. ಡಿಡಿಆರ್3ರಲ್ಲೂ 1.5 ವೋಲ್ಟಿನದು ಒಂದು, 1.35 ವೋಲ್ಟಿನ ಡಿಡಿಆರ್3ಎಲ್ ಇನ್ನೊಂದು, 4ನೇ ಜನರೇಶನ್‌ನ ಎಷ್ಟೋ ಲ್ಯಾಪ್‌ಟಾಪ್‌ಗಳು ಎರಡನೇದನ್ನ ಮಾತ್ರ ಒಪ್ತವೆ. ಡಿಡಿಆರ್3ಎಲ್ ಸಾಮಾನ್ಯವಾಗಿ ಎರಡೂ ವೋಲ್ಟಲ್ಲಿ ಓಡೋದ್ರಿಂದ ಅದನ್ನೇ ತಗೊಳ್ಳೋದು ಕ್ಷೇಮ. ಇಂಟೆಲ್ 945 ಚಿಪ್‌ಸೆಟ್ ಇರೋ ಹಳೇ ಲ್ಯಾಪ್‌ಟಾಪಲ್ಲಿ 4 ಜಿಬಿ ಹಾಕಿದ್ರೂ 3 ಜಿಬಿ ಚಿಲ್ಲರೆ ಮಾತ್ರ ಕಾಣುತ್ತೆ, ಅದು ಚಿಪ್‌ಸೆಟ್ಟಿನ ಮಿತಿ, 64 ಬಿಟ್ ಲಿನಕ್ಸ್ ಹಾಕಿದ್ರೂ ಸರಿ ಹೋಗಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಳಸಿದ ರ‍್ಯಾಮ್ ಸಿಗುತ್ತೆ, ಹಳೇ ರ‍್ಯಾಮನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಅಂಥದ್ದೇ ಕೇಳಿ, ಅಲ್ಲೇ ಮಷೀನ್‌ಗೆ ಹಾಕಿ ನೋಡೋಕೆ ಬಿಟ್ರೆ ಮಾತ್ರ ದುಡ್ಡು ಕೊಡಿ.

ಮೂರನೇದು ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಫ್ಯಾನ್ ಬಿಚ್ಚಿ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಾಕ್ಸಿ, ಸಿಆರ್2032 ಅನ್ನೋ ನಾಣ್ಯದಂಥ ಸೆಲ್ ಬದಲಾಯಿಸಿ. ಆ ಸೆಲ್ ಸತ್ತಿದ್ರೆ ಪ್ರತೀ ಸಲ ತಾರೀಕು ಹಿಂದಕ್ಕೆ ಹೋಗುತ್ತೆ, ತಾರೀಕು ತಪ್ಪಿದ್ರೆ ಬ್ರೌಸರ್ ಎಲ್ಲಾ ಸೈಟಿಗೂ ಸರ್ಟಿಫಿಕೇಟ್ ಎರರ್ ಅನ್ನುತ್ತೆ, ಅಪ್‌ಡೇಟೂ ಆಗಲ್ಲ, ಜನ ಲಿನಕ್ಸ್ ಸರಿ ಇಲ್ಲ ಅಂತ ತೀರ್ಮಾನ ಮಾಡ್ತಾರೆ.

ಇನ್‌ಸ್ಟಾಲ್ ಮಾಡೋ ಮುಂಚೆ ನೋಡ್ಬೋದಾ?

ನೋಡ್ಲೇಬೇಕು. ವೆಂಟಾಯ್ ಅನ್ನೋ ಟೂಲಿಂದ ಪೆನ್‌ಡ್ರೈವ್ ರೆಡಿ ಮಾಡಿದ್ರೆ ಅದಕ್ಕೆ ಮೂರ್ನಾಲ್ಕು ಐಎಸ್‌ಒ ಫೈಲ್ (ಡೌನ್‌ಲೋಡ್ ಮಾಡಿದ ಲಿನಕ್ಸ್) ಸುಮ್ನೆ ಕಾಪಿ ಮಾಡ್ಕೋಬೋದು, ಬೂಟ್ ಮಾಡುವಾಗ ಯಾವ್ದು ಬೇಕೋ ಆರಿಸ್ಕೊಳ್ಳೋದು. ಒಂದೇ ಒಂದು ಸಾಕು ಅನ್ನೋರಿಗೆ ರೂಫಸ್ ಇದೆ. ಲೈವ್ ಆಗಿ, ಅಂದ್ರೆ ಇನ್‌ಸ್ಟಾಲ್ ಮಾಡ್ದೇ ಪೆನ್‌ಡ್ರೈವಿಂದ್ಲೇ ಓಡ್ಸಿ ವೈಫೈ ಬರುತ್ತಾ, ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಕೆಲಸ ಮಾಡುತ್ತಾ, ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರೆ ಸ್ಕ್ರೀನ್ ವಾಪಸ್ ಬರುತ್ತಾ, ಇಷ್ಟೂ ನೋಡಿ. ಪೆನ್‌ಡ್ರೈವಿಂದ ಓಡುವಾಗ ಸ್ಲೋ ಇರುತ್ತೆ, ಅದನ್ನ ನೋಡಿ ವೇಗದ ತೀರ್ಪು ಕೊಡ್ಬೇಡಿ.

ಬೂಟ್ ಮೆನುಗೆ ಡೆಲ್, ಲೆನೋವೋದಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಅಸೂಸ್ ಲ್ಯಾಪ್‌ಟಾಪಲ್ಲಿ ಎಸ್ಕೇಪ್. ಏಸರಲ್ಲಿ ಎಫ್12 ಕೆಲಸ ಮಾಡ್ಬೇಕಾದ್ರೆ ಮೊದಲು ಎಫ್2 ಒತ್ತಿ ಬಯಾಸ್ (ಮಷೀನಿನ ಮೂಲ ಸೆಟ್ಟಿಂಗ್ಸ್) ಒಳಗೆ ಹೋಗಿ ಅದನ್ನ ಆನ್ ಮಾಡ್ಬೇಕಾಗ್ಬೋದು.

ಲೈವಲ್ಲೇ ವೈಫೈ ಬರ್ತಿಲ್ಲ

ಬ್ರಾಡ್‌ಕಾಂ ಚಿಪ್ ಇರೋ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಆಂಡ್ರಾಯ್ಡ್ ಫೋನನ್ನ ಯುಎಸ್‌ಬಿ ಕೇಬಲಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ತಕ್ಷಣ ಬರುತ್ತೆ, ಆಮೇಲೆ ಮಿಂಟಲ್ಲಾದ್ರೆ ಡ್ರೈವರ್ ಮ್ಯಾನೇಜರ್ ತೆಗೆದು ಅದು ತೋರ್ಸಿದ್ದನ್ನ ಹಾಕಿ. ಡೆಬಿಯನ್ 12ರಿಂದ ಈಚೆಗೆ ಇನ್‌ಸ್ಟಾಲರ್ ಜೊತೇಲೇ ತುಂಬಾ ಫರ್ಮ್‌ವೇರ್ ಬರೋದ್ರಿಂದ ಮುಂಚಿನಷ್ಟು ಗೋಳಿಲ್ಲ.

ಇದಕ್ಕಿಂತ ಕಷ್ಟದ್ದು ಅಂದ್ರೆ ಆಟಂ ಎನ್2600, ಎನ್2800 ನೆಟ್‌ಬುಕ್‌ಗಳು. ಅದರ ಗ್ರಾಫಿಕ್ಸ್ ಪವರ್‌ವಿಆರ್ ಮೂಲದ್ದು, ಲಿನಕ್ಸಲ್ಲಿ ಸರಿಯಾದ 3ಡಿ ಡ್ರೈವರ್ ಯಾವತ್ತೂ ಬರ್ಲಿಲ್ಲ. ಟೈಪಿಂಗ್‌ಗೆ ಸಾಕು, ವಿಡಿಯೋ ಆಸೆ ಬಿಡಿ.

ಪ್ರಿಂಟರ್?

ನಮ್ಮ ಕಡೆ ಜೆರಾಕ್ಸ್ ಅಂಗಡಿ, ಆಫೀಸು ಎಲ್ಲಿ ನೋಡಿದ್ರೂ ಎರಡೇ ಪ್ರಿಂಟರ್ ಇದ್ದ ಕಾಲ ಒಂದಿತ್ತು, ಕ್ಯಾನನ್ ಎಲ್‌ಬಿಪಿ 2900 ಮತ್ತೆ ಎಚ್‌ಪಿ ಲೇಸರ್‌ಜೆಟ್ 1020, ಇವತ್ತಿಗೂ ಎಷ್ಟೋ ಕಡೆ ಓಡ್ತಾ ಇವೆ. ಎಚ್‌ಪಿದಕ್ಕೆ ಎಚ್‌ಪಿಎಲ್‌ಐಪಿ ಅನ್ನೋ ಡ್ರೈವರ್ ಪ್ಯಾಕೇಜ್ ಹಾಕಿ ಅದು ಕೇಳೋ ಪ್ಲಗಿನ್ ಇಳಿಸ್ಕೊಂಡ್ರೆ ಕೆಲಸ ಆಗುತ್ತೆ. ಕ್ಯಾನನ್ 2900ಕ್ಕೆ ಕ್ಯಾಪ್ಟ್ ಡ್ರೈವರ್ ಬೇಕು, ಅದನ್ನ ಕೂರಿಸೋಕೆ ತಾಳ್ಮೆ ಬೇಕು, ಕೂತ್ಮೇಲೂ ಕೆಲವು ಸಲ ಪ್ರಿಂಟರ್ ಆಫ್ ಮಾಡಿ ಆನ್ ಮಾಡ್ಬೇಕಾಗುತ್ತೆ. ದಿನಾ ಐವತ್ತು ಪ್ರಿಂಟ್ ತೆಗ್ಯೋ ಅಂಗಡಿ ಆದ್ರೆ ಆ ಒಂದು ಮಷೀನನ್ನ ಬದಲಾಯಿಸ್ಬೇಡಿ ಅಂತ್ಲೇ ಹೇಳ್ತೀನಿ.

ಕನ್ನಡ ಟೈಪ್ ಮಾಡೋಕೆ ಆಗುತ್ತಾ? ನುಡಿ ಇಲ್ದೇ ನನಗೆ ಆಗಲ್ಲ

ಆಗುತ್ತೆ, ಚೆನ್ನಾಗೇ ಆಗುತ್ತೆ. ಐಬಸ್ (ಬೇರೆ ಭಾಷೆ ಟೈಪ್ ಮಾಡೋಕಿರೋ ಟೂಲ್) ಮತ್ತೆ ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟೀಲಿ ಕೆಜಿಪಿ ಅಂತಿರೋದನ್ನ ಆರಿಸಿ. ಅದು ನುಡಿಯಲ್ಲಿರೋ ಅದೇ ಕೆ.ಪಿ. ರಾವ್ ವಿನ್ಯಾಸ, ಬೆರಳು ಹೊಸದಾಗಿ ಏನೂ ಕಲೀಬೇಕಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಒತ್ತಿ ಬರೆಯೋ ಅಭ್ಯಾಸ ಇರೋರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟೂ ಇದೆ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲಾ ಡೆಬಿಯನ್ ಭಂಡಾರದಲ್ಲೇ ಸಿಗುತ್ತೆ.

ತೊಂದ್ರೆ ಇರೋದು ಹಳೇ ಫೈಲ್‌ಗಳಲ್ಲಿ. ಹಳೇ ನುಡಿ, ಬರಹದಲ್ಲಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿಟ್ಟಿರೋ ಪತ್ರ, ಪ್ರಶ್ನೆಪತ್ರಿಕೆಗಳನ್ನ ಲಿಬ್ರೆಆಫೀಸಲ್ಲಿ ತೆಗೆದ್ರೆ ಗೊಂದಲದ ಇಂಗ್ಲಿಷ್ ಅಕ್ಷರ ಕಾಣುತ್ತೆ, ಫೈಲ್ ಹಾಳಾಗಿದೆ ಅಂತ ಹೆದರ್ಬೇಡಿ. ವಿಂಡೋಸಲ್ಲಿದ್ದ ಆ ಫಾಂಟ್ ಫೈಲನ್ನ ಇಲ್ಲಿಗೆ ಹಾಕಿದ್ರೆ ಓದೋಕೆ ಬರುತ್ತೆ. ಆದ್ರೆ ಮುಂದಿನ ಹತ್ತು ವರ್ಷದ ಯೋಚನೆ ಇದ್ರೆ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತನೆ ಮಾಡಿ ಇಟ್ಕೊಳ್ಳಿ, ಅದಕ್ಕೆ ಪರಿವರ್ತಕಗಳು ಇವೆ, ವಿಂಡೋಸ್ ಅಳಿಸೋ ಮುಂಚೆಯೇ ಈ ಕೆಲಸ ಮುಗಿಸಿ. ಮೇಷ್ಟ್ರುಗಳಿಗೆ ಇದನ್ನ ವಿಶೇಷವಾಗಿ ಹೇಳ್ತಿದೀನಿ, ನಿಮ್ಮ ಹತ್ರ ಇರೋ ಹಳೇ ನೋಟ್ಸ್ ಬೇರೆ ಎಲ್ಲೂ ಇರಲ್ಲ.

ಟ್ಯಾಲಿ, ಎಂಎಸ್ ಆಫೀಸ್, ಡಿಜಿಟಲ್ ಸಿಗ್ನೇಚರ್ ಟೋಕನ್?

ಟ್ಯಾಲಿ ವಿಂಡೋಸ್‌ನದು. ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸಲ್ಲಿ ಓಡಿಸೋ ಟೂಲ್) ಹಾಕಿ ಓಡಿಸೋಕೆ ನೋಡೋರು ಇದಾರೆ, ಅಂಗಡಿ ಲೆಕ್ಕ ಅದರ ಮೇಲೆ ನಿಂತಿದ್ರೆ ಆ ಸಾಹಸ ಬೇಡ. ಡಿಜಿಟಲ್ ಸಿಗ್ನೇಚರ್ ಟೋಕನ್‌ಗೂ ಬೆರಳಚ್ಚು ಮಷೀನ್‌ಗೂ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ, ಡ್ರೈವರ್ ಇದ್ರೂ ಪೋರ್ಟಲ್‌ನವರು ವಿಂಡೋಸ್ ಮಾತ್ರ ಅಂದಿರ್ಬೋದು. ವರ್ಡ್, ಎಕ್ಸೆಲ್ ಕೆಲಸಕ್ಕೆ ಲಿಬ್ರೆಆಫೀಸ್ ಸಾಕು, ರ‍್ಯಾಮ್ 1 ಜಿಬಿ ಇದ್ರೆ ಅಬಿವರ್ಡ್, ಗ್ನ್ಯೂಮೆರಿಕ್ ಹಗುರ.

ವಿಂಡೋಸೂ ಇರ್ಲಿ ಲಿನಕ್ಸೂ ಇರ್ಲಿ, ಆಗುತ್ತಾ?

ಆಗುತ್ತೆ, ಆದ್ರೆ ಮೊದಲು ಫೋಟೋ, ದಾಖಲೆ ಎಲ್ಲಾ ಬೇರೆ ಡಿಸ್ಕಿಗೆ ಕಾಪಿ ಮಾಡಿ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ಲಿನಕ್ಸಿಂದ ಆ ಡ್ರೈವ್‌ಗೆ ಬರೆಯೋಕೆ ಬಿಡಲ್ಲ. ನನ್ನ ಕೇಳಿದ್ರೆ ಹಳೇ ಹಾರ್ಡ್ ಡಿಸ್ಕನ್ನ ವಿಂಡೋಸ್ ಸಮೇತ ಹಂಗೇ ತೆಗೆದು ಕವರಲ್ಲಿ ಹಾಕಿಟ್ಟು ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕೋದು ಎಲ್ಲಕ್ಕಿಂತ ನೆಮ್ಮದಿ, ಬೇಡ ಅನ್ಸಿದ್ರೆ ವಾಪಸ್ ಹಾಕಿದ್ರಾಯ್ತು.

ಅಪ್ಪ ಅಮ್ಮಂಗೆ ಹಾಕಿ ಕೊಡ್ಬೇಕು, ಶಾಲೆಗೂ ಹಾಕ್ಬೇಕು

ಹಂಗಾದ್ರೆ ತೀರಾ ಹಗುರವಾದ್ದರ ಹಿಂದೆ ಓಡ್ಬೇಡಿ. ಮಷೀನ್ ತಡ್ಕೊಳ್ಳೋದಾದ್ರೆ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿ, ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ನೋಡಿದ ಕಣ್ಣಿಗೆ ಗಾಬರಿ ಆಗಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಅವರು ನಿಜವಾಗ್ಲೂ ಬಳಸೋ ಮೂರ್ನಾಲ್ಕು ಐಕಾನ್ ಮಾತ್ರ ಡೆಸ್ಕ್‌ಟಾಪ್ ಮೇಲೆ ಇಡಿ, ಅಕ್ಷರ ದೊಡ್ಡದು ಮಾಡಿ, ಟೈಮ್‌ಶಿಫ್ಟ್ ಆನ್ ಮಾಡಿ, ಏನಾದ್ರೂ ಎಡವಟ್ಟಾದ್ರೆ ಹಿಂದಿನ ಸ್ಥಿತಿಗೆ ತರ್ಬೋದು.

ಶಾಲೆಗಾದ್ರೆ ಜಿಕಂಪ್ರಿ ಹಾಕೋದು ಮರೀಬೇಡಿ, ಚಿಕ್ಕ ಮಕ್ಕಳಿಗೆ ಮೌಸ್ ಹಿಡಿಯೋದ್ರಿಂದ ಹಿಡಿದು ಲೆಕ್ಕದವರೆಗೆ ಆಟಗಳಿವೆ, ಇಂಟರ್ನೆಟ್ ಬೇಡ. ಚಿತ್ರ ಬಿಡಿಸೋಕೆ ಟಕ್ಸ್ ಪೇಂಟ್, ದೊಡ್ಡ ಮಕ್ಕಳ ಗಣಿತಕ್ಕೆ ಜಿಯೋಜಿಬ್ರಾ. ಲ್ಯಾಬಲ್ಲಿ ಹತ್ತು ಮಷೀನ್ ಇದ್ರೆ ಒಂದನ್ನ ಪೂರ್ತಿ ಸರಿ ಮಾಡಿ ಕ್ಲೋನ್‌ಜಿಲ್ಲಾದಿಂದ ಉಳಿದ ಒಂಬತ್ತಕ್ಕೂ ಅದನ್ನೇ ಇಳಿಸಿ. ಇನ್‌ಸ್ಟಾಲ್ ಮಾಡ್ಕೊಟ್ಟು ಬಂದ್ಬಿಡ್ಬೇಡಿ, ಅಲ್ಲಿನ ಒಬ್ಬ ಮೇಷ್ಟ್ರನ್ನೋ ಹತ್ತನೇ ಕ್ಲಾಸಿನ ಇಬ್ಬರು ಮಕ್ಕಳನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ಅವರ ಕೈಯಿಂದ್ಲೇ ಒಂದು ಮಷೀನ್‌ಗೆ ಹಾಕ್ಸಿ, ಇಲ್ಲಾಂದ್ರೆ ಮುಂದಿನ ಸಲ ಒಂದು ಎರರ್ ಬಂದ ದಿನ ಆ ಲ್ಯಾಬಿಗೆ ಮತ್ತೆ ಬೀಗ.

ಯಾವಾಗ ಕೈ ಬಿಡ್ಬೇಕು?

ರ‍್ಯಾಮ್ 512 ಎಂಬಿ, ಹೆಚ್ಚಿಸೋಕೆ ಜಾಗ ಇಲ್ಲ, ಬೇಕಾಗಿರೋದು ಆನ್‌ಲೈನ್ ಕ್ಲಾಸು ಅಂದ್ರೆ ಬಿಡಿ. ಮದರ್‌ಬೋರ್ಡ್ ಮೇಲೆ ಕೆಪಾಸಿಟರ್ ಉಬ್ಬಿದ್ರೆ, ಲ್ಯಾಪ್‌ಟಾಪ್ ಬ್ಯಾಟರಿ ಊದ್ಕೊಂಡಿದ್ರೆ ಮೊದಲು ಆಫ್ ಮಾಡಿ, ಊದಿರೋ ಬ್ಯಾಟರಿ ಹೊರಗೆ ತೆಗೆಸಿ, ಅದರ ಮೇಲೆ ಒತ್ತೋದು ಚುಚ್ಚೋದು ಮಾಡ್ಬೇಡಿ. ಹಳೇ ಪೆಂಟಿಯಂ 4 ಡೆಸ್ಕ್‌ಟಾಪ್‌ಗಳು ಕರೆಂಟ್ ಜಾಸ್ತಿ ಎಳೀತವೆ, ದಿನವಿಡೀ ಓಡಿಸೋ ಕೆಲಸ ಇದ್ರೆ ಅದರ ಬದಲು ಬಳಸಿದ 4ನೇ ಜನರೇಶನ್ ಐ3 ಡೆಸ್ಕ್‌ಟಾಪ್ ಒಂದನ್ನ ತಗೊಳ್ಳೋದು ಒಳ್ಳೇದು. ಮಷೀನ್ ಕೊಡೋ ಮುಂಚೆ ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿಟ್ಕೊಳ್ಳಿ, ಇಲ್ಲಾ ಲೈವ್ ಪೆನ್‌ಡ್ರೈವಿಂದ ಬೂಟ್ ಮಾಡಿ ಪೂರ್ತಿ ಅಳಿಸಿ ಕೊಡಿ, ಫಾರ್ಮ್ಯಾಟ್ ಮಾತ್ರ ಮಾಡಿದ್ರೆ ಫೋಟೋಗಳನ್ನ ವಾಪಸ್ ತೆಗೀಬೋದು. ರ‍್ಯಾಮು, ಚಾರ್ಜರು ಕೂಡ ಎತ್ತಿಟ್ಕೊಳ್ಳಿ, ಅಂಥದ್ದೇ ಇನ್ನೊಂದು ಮಷೀನ್‌ಗೆ ಬೇಕಾಗುತ್ತೆ.